ನಿಂದೆಗೆ ಅಧಿಕಾರಿ ಯಾರು? — ನಾಗಚಂದ್ರನ ಉಪರಂಭಾ ಪ್ರಸಂಗವನ್ನು ಕುರಿತು ಒಂದು ವಿಚಾರ

ನಮ್ಮ ಚಂಪೂಕವಿಗಳು ಕಾವ್ಯಾರಂಭದಲ್ಲಿ ಸುಕವಿಗಳನ್ನು ಸ್ತುತಿಸಿ ಕುಕವಿಗಳನ್ನು ನಿಂದಿಸುವ ಸಂಪ್ರದಾಯವನ್ನು ಇಟ್ಟುಕೊಂಡಿದ್ದರು. ಅದು ಬಹುಮಟ್ಟಿಗೆ ವಾಡಿಕೆಯ ಮಾತು. ಅದನ್ನೋದಿ ಯಾವ ಕುಕವಿಯೂ ಬರವಣಿಗೆಯನ್ನು ಬಿಟ್ಟನೆಂದು ಕೇಳಿಲ್ಲ. ಆದರೆ ಇದೇ ಕವಿಗಳು, ಅವರಲ್ಲಿಯೂ ಜೈನರಾದವರು, ‘ನಿಂದೆ’ ಎಂಬ ಶಬ್ದವನ್ನು ಇನ್ನೊಂದು ಅರ್ಥದಲ್ಲಿಯೂ ಬಲ್ಲವರಾಗಿದ್ದರು. ಜೈನಶಾಸ್ತ್ರದ ಪರಿಭಾಷೆಯಲ್ಲಿ ನಿಂದೆಯೆಂದರೆ ತಾನು ಮಾಡಿದ ದೋಷವನ್ನು ತನ್ನ ಆತ್ಮವನ್ನೇ ಸಾಕ್ಷಿಯಾಗಿಟ್ಟುಕೊಂಡು ಹಳಿದುಕೊಳ್ಳುವುದು. ಅದನ್ನೇ ಗುರುವಿನ ಸಾಕ್ಷಿಯಲ್ಲಿ ಮಾಡಿದರೆ ಗರ್ಹೆ. ಎರಡರಲ್ಲಿಯೂ ಹಳಿಯುವವನೂ ಹಳಿಸಿಕೊಳ್ಳುವವನೂ ಒಬ್ಬನೇ. ಪರರನ್ನು ಹಳಿಯುವುದಾದರೋ ನೀಚಗೋತ್ರಕರ್ಮದ ಆಸ್ರವಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರ ಎಣಿಸುತ್ತದೆ. ಅಲ್ಲಿ ಪರನಿಂದೆಯನ್ನು ಆತ್ಮಪ್ರಶಂಸೆಯೊಡನೆ ಜೊತೆಗೂಡಿಸಿರುವುದು ಗಮನಾರ್ಹ. ಸೂತ್ರಕಾರನಿಗೆ ಅವೆರಡೂ ಒಂದೇ ನಾಣ್ಯದ ಮುಖಗಳಾಗಿ ಕಂಡಿರಬೇಕು: ಇನ್ನೊಬ್ಬನ ನಡತೆ ಹೊಲಸೆಂದು ಕೂಗುವವನು, ಬಾಯಿಬಿಟ್ಟು ಹೇಳದೆಯೇ, ತನ್ನದು ಶುಚಿಯೆಂದು ಸಾರಿಕೊಳ್ಳುತ್ತಾನೆ.

ಈ ವಿಷಯವನ್ನು ಪ್ರಕೃತ ಎತ್ತಿಕೊಳ್ಳುವುದಕ್ಕೆ ತರಗತಿಯ ಒಂದು ಪ್ರಶ್ನೆಯೇ ಕಾರಣ. ಪಂಪರಾಮಾಯಣವೆಂದು ಪ್ರಸಿದ್ಧವಾದ ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ವನ್ನು ಪಾಠ ಹೇಳುತ್ತಿದ್ದಾಗ ಉಪರಂಭೆಯ ಪ್ರಸಂಗ ಬಂದಿತು. ರಾವಣನ ಉದಾತ್ತತೆಗೆ ಇದೊಂದು ನಿದರ್ಶನವೆಂದು, ನನ್ನ ಗುರುಗಳು ನನಗೆ ಹೇಳಿದಂತೆಯೇ, ನಾನೂ ಹೇಳಿದೆ. ಹಿಂದಿನ ಸಾಲಿನಿಂದ ಒಬ್ಬ ವಿದ್ಯಾರ್ಥಿನಿ ಎದ್ದುನಿಂತು, “ಹೆಂಗಸನ್ನು ಗಂಡನ ಬಳಿಗೆ ಕಳುಹಿಸಿಕೊಟ್ಟ, ಸರಿ, ಅವಳಿಂದ ಪಡೆದುಕೊಂಡ ವಿದ್ಯೆಯನ್ನೂ ಕಳುಹಿಸಿಕೊಟ್ಟನೇ ಸಾರ್?” ಎಂದು ಕೇಳಿದಳು. ತರಗತಿ ನಕ್ಕಿತು, ನಾನೂ ನಕ್ಕು ಮುಂದಿನ ಪದ್ಯಕ್ಕೆ ಹೋದೆ. ಮಾನಸಗಂಗೋತ್ರಿಯಿಂದ ಮನೆಗೆ ಹಿಂದಿರುಗುವ ವೇಳೆಗೆ ಆ ನಗು ಉಳಿದಿರಲಿಲ್ಲ. ಪ್ರಶ್ನೆ ಉಳಿದಿತ್ತು.

ಪ್ರಸಂಗ ಸುಪರಿಚಿತವಾದುದು; ಆದರೂ ವಿವೇಚನೆಯ ಅನುಕೂಲಕ್ಕಾಗಿ ಸಂಗ್ರಹಿಸುತ್ತೇನೆ. ದಿಗ್ವಿಜಯಕ್ಕೆ ಹೊರಟ ರಾವಣನಿಗೆ ನಳಕೂಬರನ ದುರ್ಲಂಘ್ಯಪುರ ಹೆಸರಿಗೆ ತಕ್ಕಂತೆ ದಾಟಲಾಗದ ಕೋಟೆಯಾಗಿ ಎದುರು ನಿಲ್ಲುತ್ತದೆ. ವಿದ್ಯಾಬಲದಿಂದ ರಕ್ಷಿತವಾದ ಆ ಕೋಟೆಯನ್ನು ಸೇನಾಬಲದಿಂದ ಗೆಲ್ಲುವಂತಿಲ್ಲ. ನಳಕೂಬರನ ರಾಣಿ ಉಪರಂಭೆ ರಾವಣನಲ್ಲಿ ಮೊದಲಿನಿಂದಲೂ ಮನಸ್ಸಿಟ್ಟವಳು. ಅವನು ಕೋಟೆಯ ಹೊರಗೆ ಬೀಡುಬಿಟ್ಟಿರುವುದನ್ನು ತಿಳಿದು ದೂತಿಯ ಮೂಲಕ ತನ್ನ ಆಸೆಯನ್ನು ತಿಳಿಸುತ್ತಾಳೆ. ಕೊನೆಗೆ ಕೋಟೆಯನ್ನು ಭೇದಿಸುವ ವಿದ್ಯೆ ಅವಳಿಂದಲೇ ರಾವಣನಿಗೆ ದೊರೆಯುತ್ತದೆ, ಕೋಟೆ ಬೀಳುತ್ತದೆ, ನಳಕೂಬರ ಸೆರೆಸಿಕ್ಕುತ್ತಾನೆ. ಅನಂತರ ರಾವಣ ಉಪರಂಭೆಗೆ ಬುದ್ಧಿ ಹೇಳುತ್ತಾನೆ: ವಿದ್ಯೆ ಕೊಟ್ಟವಳಾದುದರಿಂದ ನೀನು ನನಗೆ ಗುರುಸ್ಥಾನದವಳು, ಸತ್ಕುಲದಲ್ಲಿ ಹುಟ್ಟಿದವಳಿಗೆ ಪರಪುರುಷನ ಹಂಬಲ ಸಲ್ಲದು, ಪತಿಯೊಡನೆ ಸುಖವಾಗಿರು.

ಈ ಉಪದೇಶವನ್ನು ರಾವಣನ ಗುಣಪಕ್ಷಕ್ಕೆ ಸೇರಿಸುವುದು ನಮ್ಮ ವಿಮರ್ಶೆಯಲ್ಲಿ ರೂಢಿಯಾಗಿದೆ. ಅದಕ್ಕೆ ಕಾರಣವೂ ಉಂಟು. ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದ ಬಿ. ಎಂ. ಶ್ರೀಕಂಠಯ್ಯನವರು ಗ್ರೀಕ್ ದುರಂತ ನಾಟಕಗಳ ಪರಿಚಯದ ಬೆಳಕಿನಲ್ಲಿ ನಾಗಚಂದ್ರನ ರಾವಣನನ್ನು ನೋಡಿ, ಅವನಲ್ಲಿ ದುರಂತನಾಯಕನ ಲಕ್ಷಣಗಳನ್ನು ಗುರುತಿಸಿದರು. ಮಹಾನುಭಾವನೊಬ್ಬನು ಒಂದು ದೌರ್ಬಲ್ಯದಿಂದ ಜಾರಿ ಕೆಡುವುದು ದುರಂತದ ಹೂರಣವಾಗಿರುವುದರಿಂದ, ಜಾರುವ ಮುನ್ನ ಅವನು ಎಷ್ಟು ಎತ್ತರದಲ್ಲಿದ್ದನೆಂದು ತೋರಿಸುವುದು ಅಗತ್ಯವಾಗುತ್ತದೆ. ಆ ಎತ್ತರವನ್ನು ಅಳೆಯುವ ಕೋಲುಗಳಲ್ಲಿ ಉಪರಂಭೆಯ ಪ್ರಸಂಗವೂ ಒಂದಾಯಿತು. ಶ್ರೀಯವರ ಮೂಲ ದೃಷ್ಟಿಯನ್ನು ಅಲ್ಲಗಳೆಯುವುದು ನನ್ನ ಉದ್ದೇಶವಲ್ಲ. ಕನ್ನಡ ವಿಮರ್ಶೆಗೆ ಅದರಿಂದ ಆದ ಉಪಕಾರ ದೊಡ್ಡದು. ಆದರೆ ಈ ಒಂದು ಕೋಲನ್ನು ನಾವು ತಲೆಕೆಳಗಾಗಿ ಹಿಡಿದಿದ್ದೇವೆಯೋ ಎಂಬ ಸಂದೇಹ ನನಗೆ ಬಂದಿದೆ.

ಕಾರ್ಯಗಳ ಅನುಕ್ರಮವನ್ನು ನೋಡಬೇಕು. ಉಪರಂಭೆಯ ಆಸೆ ತಪ್ಪೆಂಬುದು ರಾವಣನಿಗೆ ಕೋಟೆ ಬಿದ್ದ ಮೇಲೆ ಹೊಳೆದ ಸಂಗತಿಯಲ್ಲ. ನಾಗಚಂದ್ರನಿಗಿಂತ ಹಿಂದಿನವನಾದ, ಏಳನೆಯ ಶತಮಾನದ ರವಿಷೇಣನ ಸಂಸ್ಕೃತ ಪದ್ಮಪುರಾಣದಲ್ಲಿ ಇದು ಇನ್ನೂ ಸ್ಪಷ್ಟವಾಗಿದೆ. ಅಲ್ಲಿ ದೂತಿಯ ಮಾತನ್ನು ಕೇಳಿದೊಡನೆಯೇ ರಾವಣನಿಗೆ ಜುಗುಪ್ಸೆಯಾಗುತ್ತದೆ. ಪರಸತಿ ತನಗೆ ವರ್ಜ್ಯಳೆಂದು ಅವನು ನಿರಾಕರಿಸುತ್ತಾನೆ. ಆಗ ವಿಭೀಷಣ—ಮುಂದೆ ಧರ್ಮದ ಪಕ್ಷವನ್ನು ಹಿಡಿಯುವ ಅದೇ ವಿಭೀಷಣ—ರಾಜನೀತಿಯನ್ನು ನೆನಪು ಮಾಡಿಕೊಡುತ್ತಾನೆ: ಒಪ್ಪಿದಂತೆ ನಟಿಸಿದರೆ ಕೋಟೆಯ ಗುಟ್ಟು ಅವಳಿಂದಲೇ ಹೊರಬೀಳುತ್ತದೆ. ರಾವಣ ಒಪ್ಪುತ್ತಾನೆ. ಹೀಗೆ, ಅವಳ ಅನೀತಿ ರಾವಣನಿಗೆ ಮೊದಲೇ ತಿಳಿದದ್ದು. ಆ ಅನೀತಿಯನ್ನು ಆತ ಬಳಸಿಕೊಂಡದ್ದು ಎರಡನೆಯದು. ಅದನ್ನು ಖಂಡಿಸಿದ್ದು ಮೂರನೆಯದು. ಖಂಡನೆ ಮೊದಲಲ್ಲಿಯೇ ನಿಂತಿದ್ದರೆ ಅದು ನೀತಿಯಾಗುತ್ತಿತ್ತು. ಲಾಭವೆಲ್ಲ ಕೈಸೇರಿದ ಮೇಲೆ ಬಂದುದರಿಂದ ಅದು ನೀತಿಯ ಉಡುಪನ್ನು ತೊಟ್ಟ ಬೇರೆಯೊಂದು ವಸ್ತುವಾಯಿತು. ಉಪದೇಶಕ್ಕಾಗಿ ರಾವಣ ತೆತ್ತದ್ದು ಏನು? ಏನೂ ಇಲ್ಲ. ಅವನಿಗೆ ಆಕೆಯಲ್ಲಿ ಮನಸ್ಸೇ ಇರಲಿಲ್ಲವಾದುದರಿಂದ ಅವನು ಗೆದ್ದುಕೊಳ್ಳಬೇಕಾದ ಆಸೆಯೂ ಇರಲಿಲ್ಲ. ಅವಳಿಗಾದರೋ ಆ ಮಾತುಗಳು ಕೇವಲ ಉಪದೇಶವಲ್ಲ. ತನ್ನ ಊರನ್ನೂ ಗಂಡನನ್ನೂ ಒಪ್ಪಿಸಿಕೊಟ್ಟ ಮೇಲೆ ದೊರೆತ ಪ್ರತಿಫಲ.

ಉಪರಂಭೆ ತಪ್ಪಿಲ್ಲದವಳೆಂದು ನಾನು ಹೇಳುತ್ತಿಲ್ಲ. ಆಕೆಯ ತಪ್ಪಿನ ಬೆಲೆಯನ್ನು ಬೊಕ್ಕಸಕ್ಕೆ ಹಾಕಿಕೊಂಡವನು ಆಕೆಗೆ ನ್ಯಾಯಾಧಿಪತಿಯಾಗಬಹುದೇ ಎಂಬುದಷ್ಟೇ ಪ್ರಶ್ನೆ.

ಪ್ರಾಚೀನ ಕಾವ್ಯದ ಈ ಪ್ರಸಂಗವನ್ನು ಇಂದಿನ ಸಾರ್ವಜನಿಕ ಜೀವನದ ಪಕ್ಕದಲ್ಲಿರಿಸುವುದು ಉಚಿತವೇ ಎಂದು ಕೇಳುವವರುಂಟು. ಹಾಗೆ ಪಕ್ಕದಲ್ಲಿರಿಸಿದವರು ನಾವಲ್ಲ, ಸ್ವತಃ ರಾಜಕಾರಣಿಗಳೇ ಎಂಬುದು ನನ್ನ ಉತ್ತರ. ರಾಮಾಯಣದ ಪರಿಭಾಷೆಯನ್ನು ವಿಧಾನಸೌಧದ ಆವರಣಕ್ಕೆ ತಂದವರು ಅವರು. 2021ರ ಮಾರ್ಚ್ ತಿಂಗಳಿನಲ್ಲಿ ನಡೆದುದನ್ನು ನೆನೆಯೋಣ. ಜಲಸಂಪನ್ಮೂಲ ಸಚಿವರಾಗಿದ್ದ ರಮೇಶ ಜಾರಕಿಹೊಳಿಯವರ ಮೇಲೆ ಒಂದು ಚಿತ್ರಮುದ್ರಿಕೆಯ ಆಧಾರದಿಂದ ಆರೋಪ ಬಂದಿತು. ಅವರು ಅದನ್ನು ನಿರಾಕರಿಸಿದರು. ಮಾರ್ಚ್ 3ರಂದು ರಾಜೀನಾಮೆ ಕೊಟ್ಟರು. (ವಿಶೇಷ ತನಿಖಾ ದಳವು 2022ರಲ್ಲಿ ಈ ವಿಷಯದಲ್ಲಿ ‘ಬಿ’ ವರದಿ ಸಲ್ಲಿಸಿತೆಂಬುದನ್ನೂ ಇಲ್ಲಿಯೇ ಹೇಳಿಬಿಡುವುದು ನ್ಯಾಯ.) ಇದಾದ ಕೆಲವೇ ದಿನಗಳಲ್ಲಿ, ಬೇರೆ ಆರು ಮಂದಿ ಸಚಿವರು ತಮ್ಮ ಮಾನಕ್ಕೆ ಕುಂದು ತರುವಂಥದೇನನ್ನೂ ಪತ್ರಿಕೆಗಳೂ ದೂರದರ್ಶನ ವಾಹಿನಿಗಳೂ ಪ್ರಕಟಿಸದಂತೆ ಬೆಂಗಳೂರಿನ ನ್ಯಾಯಾಲಯದಿಂದ ತಡೆಯಾಜ್ಞೆ ತಂದರು. ಯಾರೂ ಇನ್ನೂ ಏನನ್ನೂ ಪ್ರಕಟಿಸಿರಲಿಲ್ಲ. ವಿರೋಧಪಕ್ಷವಾಗಿದ್ದ ಕಾಂಗ್ರೆಸ್ಸು ಇದನ್ನೇ ಹಿಡಿದು ಸದನದಲ್ಲಿ ಗದ್ದಲವೆಬ್ಬಿಸಿತು. ಆಗ ಆ ಆರು ಮಂದಿಯಲ್ಲಿ ಒಬ್ಬರಾದ ಆರೋಗ್ಯ ಸಚಿವ ಡಾ. ಕೆ. ಸುಧಾಕರ್ ಅವರು ಪತ್ರಿಕಾ ಪ್ರತಿನಿಧಿಗಳ ಮುಂದೆ, ಮರ್ಯಾದಾ ಪುರುಷರಂತೆ, ಶ್ರೀರಾಮಚಂದ್ರರಂತೆ ಮಾತನಾಡುವವರೆಲ್ಲ ಸಿದ್ಧರಾಗಲಿ, 224 ಮಂದಿ ಶಾಸಕರಲ್ಲಿ ಏಕಪತ್ನೀವ್ರತಸ್ಥರು ಯಾರೆಂಬುದು ತನಿಖೆಯಾಗಲಿ ಎಂಬರ್ಥದ ಸವಾಲನ್ನು ಹಾಕಿದರು. ಎಲ್ಲ ಪಕ್ಷಗಳಿಂದಲೂ ಆಕ್ಷೇಪ ಬಂದ ಮೇಲೆ ವಿಷಾದ ಸೂಚಿಸಿದರು. ಕೊರೋನಾ ಸಾಂಕ್ರಾಮಿಕದ ಎರಡನೆಯ ಅಲೆ ಏಳುತ್ತಿದ್ದ ಆ ದಿನಗಳಲ್ಲಿ ರಾಜ್ಯದ ಆರೋಗ್ಯ ಸಚಿವರಿಗೂ ವಿರೋಧಪಕ್ಷಕ್ಕೂ ಚರ್ಚಿಸುವುದಕ್ಕೆ ಬೇರೆ ವಿಷಯವಿರಲಿಲ್ಲವೇ ಎಂಬುದು ಇಲ್ಲಿ ಅಪ್ರಸ್ತುತವೆಂದು ಬಿಟ್ಟುಬಿಡುತ್ತೇನೆ.

ಸಾಹಿತ್ಯದ ವಿದ್ಯಾರ್ಥಿಗೆ ಇಲ್ಲಿ ಒಂದು ಸಣ್ಣ ಸೋಜಿಗವೂ ಉಂಟು. ಏಕಪತ್ನೀವ್ರತವನ್ನು ರಾಮನ ಲಕ್ಷಣವೆಂದು ನಾವು ಪ್ರಶ್ನೆಯಿಲ್ಲದೆ ಒಪ್ಪುತ್ತೇವೆ. ಕನ್ನಡದಲ್ಲಿ ಉಳಿದುಬಂದಿರುವ ಅತ್ಯಂತ ಹಳೆಯ ರಾಮಾಯಣಗಳಲ್ಲಿ ಒಂದಾದ ನಾಗಚಂದ್ರನ ಕೃತಿ ಅನುಸರಿಸುವ ಜೈನ ಪರಂಪರೆಯಲ್ಲಿ ರಾಮನು ಬಲದೇವ; ಸೀತೆಯಲ್ಲದೆ ಅವನಿಗೆ ಬೇರೆ ರಾಣಿಯರೂ ಇದ್ದಾರೆ. ಅಲ್ಲಿ ವ್ರತ ತೊಟ್ಟವನೆಂದು ವಿಶೇಷವಾಗಿ ಹೇಳಿಸಿಕೊಳ್ಳುವವನು ರಾವಣ! ತನ್ನನ್ನು ಒಲ್ಲದ ಪರಸತಿಯನ್ನು ಬಲಾತ್ಕರಿಸುವುದಿಲ್ಲವೆಂದು ಕೇವಲಿಯ ಸನ್ನಿಧಿಯಲ್ಲಿ ಅವನು ಸ್ವೀಕರಿಸಿದ ವ್ರತವೇ ಲಂಕೆಯಲ್ಲಿ ಸೀತೆಯ ರಕ್ಷೆ. ಆ ವ್ರತದ ಮಾತನ್ನು ಅಕ್ಷರಶಃ ಓದಿದರೆ ಅದು ಎಷ್ಟು ಕಿರಿದೆಂಬುದು ಗೊತ್ತಾಗುತ್ತದೆ. ಅದು ಬಲಾತ್ಕಾರವನ್ನು ನಿಷೇಧಿಸುತ್ತದೆ. ಅಪಹರಣವನ್ನು ನಿಷೇಧಿಸುವುದಿಲ್ಲ, ಸೆರೆಯಲ್ಲಿಡುವುದನ್ನು ನಿಷೇಧಿಸುವುದಿಲ್ಲ, ಹೆದರಿಸುವುದನ್ನೂ ನಿಷೇಧಿಸುವುದಿಲ್ಲ. ರಾವಣ ತನ್ನ ವ್ರತಕ್ಕೆ ಕೊನೆಯವರೆಗೂ ಭಂಗ ತರಲಿಲ್ಲ, ವ್ರತಭಂಗವಿಲ್ಲದೆಯೇ ಕೆಟ್ಟನು. ಯಾವ ಕಾನೂನನ್ನೂ ಮೀರಿಲ್ಲವೆಂಬ ಸಮರ್ಥನೆಯನ್ನು ಪತ್ರಿಕೆಗಳಲ್ಲಿ ಓದುವಾಗಲೆಲ್ಲ ನನಗೆ ಈ ವ್ರತ ನೆನಪಾಗುತ್ತದೆ.

2012ರ ಪ್ರಕರಣ ಇದಕ್ಕಿಂತ ಸರಳವಾದುದು. ಆ ವರ್ಷದ ಫೆಬ್ರವರಿ 7ರಂದು ವಿಧಾನಸಭೆಯ ಅಧಿವೇಶನ ನಡೆಯುತ್ತಿದ್ದಾಗಲೇ ಸಚಿವರಾದ ಲಕ್ಷ್ಮಣ ಸವದಿ ಮತ್ತು ಸಿ. ಸಿ. ಪಾಟೀಲ ಅವರು ಮೊಬೈಲಿನಲ್ಲಿ ಅಶ್ಲೀಲ ದೃಶ್ಯಗಳನ್ನು ನೋಡುತ್ತಿದ್ದುದನ್ನು ವಾಹಿನಿಗಳ ಕ್ಯಾಮರಾಗಳು ಹಿಡಿದವು. ಕೃಷ್ಣ ಪಾಲೆಮಾರ್ ಅವರ ಹೆಸರೂ ಸೇರಿ, ಮರುದಿನ ಮೂವರೂ ರಾಜೀನಾಮೆ ಕೊಟ್ಟರು. ಮಲ್ಪೆಯ ಬಳಿಯ ದ್ವೀಪದಲ್ಲಿ ನಡೆದ ವಿಲಾಸಕೂಟದ ವಿಷಯವಾಗಿ ಸದನದಲ್ಲಿ ಚರ್ಚೆ ಬರಲಿದ್ದುದರಿಂದ ಅದರ ಸಿದ್ಧತೆಗಾಗಿ ನೋಡುತ್ತಿದ್ದೆವೆಂಬ ಸಮಜಾಯಿಷಿಯೂ ಬಂದಿತು. ಅಂದರೆ, ಇತರರ ದುರ್ನಡತೆಯನ್ನು ಖಂಡಿಸುವುದಕ್ಕೆ ಬೇಕಾದ ಅಧ್ಯಯನ! ಪಾಟೀಲರು ಆಗ ಮಹಿಳಾ ಮತ್ತು ಮಕ್ಕಳ ಕಲ್ಯಾಣ ಸಚಿವರು. ಅದಕ್ಕೆ ಕೆಲವು ವಾರಗಳ ಹಿಂದೆಯಷ್ಟೇ ಹೆಂಗಸರು ಪ್ರಚೋದಕವಾದ ಉಡುಪನ್ನು ಧರಿಸುವುದು ತಮಗೆ ಒಪ್ಪಿಗೆಯಿಲ್ಲವೆಂದು ಹೇಳಿದ್ದವರು. ಈ ಪ್ರಕರಣವನ್ನು ಕುರಿತು ಕಾಂಗ್ರೆಸ್ಸಿನವರು ಆಡದ ಮಾತಿಲ್ಲ. 2019ರಲ್ಲಿ ಸವದಿಯವರು ಉಪಮುಖ್ಯಮಂತ್ರಿಗಳಾದಾಗಲೂ ಆ ಹಳೆಯ ಕಥೆ ಮತ್ತೆ ಎದ್ದಿತು. 2023ರ ಚುನಾವಣೆಯ ಹೊತ್ತಿಗೆ ಅವರು ಕಾಂಗ್ರೆಸ್ಸನ್ನು ಸೇರಿ ಅಥಣಿಯಿಂದ ಗೆದ್ದು ಬಂದರು, ಕಥೆ ತಣ್ಣಗಾಯಿತು. ಉಪರಂಭೆಯ ಪ್ರಸಂಗವನ್ನು ಇಷ್ಟು ಚೊಕ್ಕಟವಾಗಿ ಪುನರಭಿನಯಿಸಿದುದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ವ್ಯತ್ಯಾಸವಿಷ್ಟೆ: ರಾವಣನು ಕೋಟೆ ಬಿದ್ದ ಮೇಲೆ ಉಪದೇಶಿಸಿದನು, ಇಲ್ಲಿ ಕೋಟೆಗಾಗಿ ಉಪದೇಶವನ್ನು ಕೈಬಿಟ್ಟರು.

ಪಕ್ಷಗಳ ತಾರತಮ್ಯವನ್ನು ಇಲ್ಲಿ ಎಣಿಸುವುದು ವ್ಯರ್ಥ. ಸುಧಾಕರ್ ಅವರ ಸವಾಲು ಯಾರನ್ನು ಹೆಸರಿಸಿತ್ತೋ ಆ ವಿರೋಧಪಕ್ಷದ ಹಿರಿಯರಲ್ಲಿ ಒಬ್ಬರಾದ, ಹಿಂದೆ ಸಭಾಧ್ಯಕ್ಷರಾಗಿದ್ದ ಕೆ. ಆರ್. ರಮೇಶ್ ಕುಮಾರ್ ಅವರು ಅದೇ 2021ರ ಡಿಸೆಂಬರ್ 16ರಂದು ಬೆಳಗಾವಿಯ ಅಧಿವೇಶನದಲ್ಲಿ ಅತ್ಯಾಚಾರವನ್ನು ಪರಿಹಾಸದ ಉಪಮಾನವಾಗಿ ಬಳಸಿದರು, ಸದನ ನಕ್ಕಿತು, ಮರುದಿನ ಅವರು ಕ್ಷಮೆ ಕೇಳಿದರು. ಮಾರ್ಚ್ ತಿಂಗಳ ಮರ್ಯಾದಾ ಪುರುಷರ ಚರ್ಚೆಗೂ ಡಿಸೆಂಬರಿನ ಈ ನಗೆಗೂ ನಡುವೆ ಒಂಬತ್ತು ತಿಂಗಳು. ಬಸವಣ್ಣನವರ ಹೆಸರನ್ನು ಎತ್ತದೆ ಭಾಷಣ ಮುಗಿಸುವ ರಾಜಕಾರಣಿ ನಮ್ಮಲ್ಲಿ ವಿರಳ. ತನ್ನನ್ನು ತಿದ್ದಿಕೊಳ್ಳುವುದನ್ನು ಕುರಿತ ವಚನವನ್ನು ಎದುರು ಪೀಠದವರನ್ನು ತಿದ್ದುವುದಕ್ಕಾಗಿ ಉದಾಹರಿಸುವ ಈ ವಿಚಿತ್ರ ಪದ್ಧತಿಯನ್ನು ಕುರಿತು ಯಾರಾದರೂ ಸಂಶೋಧನ ಪ್ರಬಂಧ ಬರೆದರೆ ಸಾಮಗ್ರಿಗೆ ಕೊರತೆಯಿರದು.

ಉಪರಂಭೆ ರಾವಣನಿಗೆ ಉತ್ತರ ಕೊಡುವುದಿಲ್ಲ. ನಾಚಿ ತಲೆ ತಗ್ಗಿಸುತ್ತಾಳೆ. ನಿಂದಿತಳು ಉತ್ತರ ಕೊಟ್ಟ ಸಂದರ್ಭ ಸಾಹಿತ್ಯಚರಿತ್ರೆಯಲ್ಲಿ ಉಂಟೇ ಎಂದು ಹುಡುಕಿದರೆ ಮೈಸೂರಿಗೆ ಹತ್ತಿರದ ಒಂದು ನಿದರ್ಶನ ಸಿಕ್ಕುತ್ತದೆ. ಅದು ರಾಜಕೀಯಕ್ಕೆ ಸೇರಿದುದಲ್ಲ, ಸಮಾಜಸುಧಾರಣೆಗೆ ಸೇರಿದುದು. ಆದರೂ ಅದರ ತಿರುಳು ನಮ್ಮ ವಿಷಯವೇ. 1878ರಲ್ಲಿ ನಂಜನಗೂಡಿನಲ್ಲಿ ಹುಟ್ಟಿ, ಬಾಲ್ಯದಲ್ಲಿ ಮೈಸೂರಿನಲ್ಲಿ ವಿದ್ಯೆ ಕಲಿತು, ಮುಂದೆ ಮದರಾಸಿನಲ್ಲಿ ನೆಲಸಿ ಗಾಯಕಿಯಾಗಿ ಪ್ರಸಿದ್ಧರಾದ ಬೆಂಗಳೂರು ನಾಗರತ್ನಮ್ಮನವರು, ಹದಿನೆಂಟನೆಯ ಶತಮಾನದ ತಂಜಾವೂರಿನ ಕವಯಿತ್ರಿ ಮುದ್ದುಪಳನಿಯ ‘ರಾಧಿಕಾ ಸಾಂತ್ವನಮು’ ಎಂಬ ತೆಲುಗು ಶೃಂಗಾರಕಾವ್ಯವನ್ನು 1910ರಲ್ಲಿ ಸಂಪಾದಿಸಿ ವಾವಿಳ್ಳ ಸಂಸ್ಥೆಯ ಮೂಲಕ ಹೊರತಂದರು. ಆಂಧ್ರದ ಮಹಾ ಸುಧಾರಕ ಕಂದುಕೂರಿ ವೀರೇಶಲಿಂಗಂ ಪಂತುಲುಗಾರು ತಮ್ಮ ಕವಿಚರಿತ್ರೆಯಲ್ಲಿ ಮುದ್ದುಪಳನಿಯನ್ನು ಕುರಿತು, ಕಾವ್ಯದ ಗುಣಕ್ಕಿಂತ ಆಕೆಯ ಶೀಲವನ್ನೇ ಮುಂದಿಟ್ಟುಕೊಂಡು, ಕಠಿನವಾಗಿ ಬರೆದಿದ್ದರು. ನಾಗರತ್ನಮ್ಮನವರ ಪ್ರತಿವಾದ ನಿಜವಾದ ಅರ್ಥದಲ್ಲಿ ವಿಮರ್ಶೆ. ನಾಚಿಕೆಯೆಂಬ ಗುಣ ಹೆಂಗಸಿಗೆ ಮಾತ್ರ ವಿಧಿಸಿದ್ದೇ, ಗಂಡಸರಿಗೆ ಅದು ಬೇಡವೇ ಎಂದು ಅವರು ಕೇಳಿದರು. ಕೇಳಿ ಸುಮ್ಮನಾಗದೆ, ಪಂತುಲುಗಾರು ಸ್ವತಃ ಪರಿಶೀಲಿಸಿ ಪ್ರಕಟಣೆಗೆ ಒಪ್ಪಿದ ‘ವೈಜಯಂತೀವಿಲಾಸಮು’ ಕಾವ್ಯದಲ್ಲಿ ಇದಕ್ಕಿಂತ ಹೆಚ್ಚಿನ ಹಸಿಶೃಂಗಾರವಿದೆಯಲ್ಲವೇ ಎಂದು ತೋರಿಸಿದರು. 1911ರಲ್ಲಿ ಸರ್ಕಾರ ಪುಸ್ತಕವನ್ನು ಮುಟ್ಟುಗೋಲು ಹಾಕಿಕೊಂಡಿತು. ಟಂಗುಟೂರಿ ಪ್ರಕಾಶಂ ಅವರ ಕಾಲದಲ್ಲಿ, 1947ರಲ್ಲಿ, ನಿಷೇಧ ರದ್ದಾಯಿತು.

ವೀರೇಶಲಿಂಗಂ ಅವರು ಕಪಟಿಗಳೆಂದು ಹೇಳುವ ಸಾಹಸ ಯಾರಿಗೂ ಬೇಡ. 1881ರಲ್ಲಿ ರಾಜಮಹೇಂದ್ರಿಯಲ್ಲಿ ವಿಧವಾವಿವಾಹವನ್ನು ಮಾಡಿಸಿ, ಅದಕ್ಕಾಗಿ ಬಂದ ಕಷ್ಟಗಳನ್ನೆಲ್ಲ ಸಹಿಸಿದ ಧೀರರು ಅವರು. ಆದಕಾರಣವೇ ಈ ನಿದರ್ಶನ ನಮಗೆ ಬೆಲೆಯುಳ್ಳದ್ದು. ತಾನು ಕಷ್ಟಪಟ್ಟ ವಿಷಯದಲ್ಲಿ ಆತನ ಮಾತಿಗೆ ತೂಕವಿತ್ತು. ಯಾವ ಕಷ್ಟವೂ ಇಲ್ಲದೆ, ಸತ್ತು ನೂರು ವರ್ಷಕ್ಕೆ ಮೀರಿದ್ದ ನರ್ತಕಿಯೊಬ್ಬಳನ್ನು ಹಳಿದೆಡೆಯಲ್ಲಿ ಆ ತೂಕ ಇಳಿಯಿತು. ಖಂಡನೆಯ ಸತ್ಯಾಸತ್ಯಗಳ ಜೊತೆಗೆ, ಖಂಡಿಸುವವನು ಅದಕ್ಕಾಗಿ ಏನನ್ನು ಪಣವಾಗಿಟ್ಟಿದ್ದಾನೆಂಬುದನ್ನೂ ನೋಡಬೇಕೆಂಬ ನನ್ನ ವಾದಕ್ಕೆ ಇದು ಆಧಾರ.

ಇಲ್ಲಿ ಒಂದು ಆಕ್ಷೇಪವನ್ನು ಎದುರಿಸಬೇಕು. ಹಾಗಾದರೆ ದೋಷರಹಿತನಲ್ಲದವನು ದೋಷವನ್ನು ಖಂಡಿಸಲೇಬಾರದೇ? ಹಾಗೆಂದರೆ ಲೋಕದಲ್ಲಿ ಖಂಡನೆಯೇ ಇಲ್ಲದಂತಾಗಿ ದುಷ್ಟರಿಗೆ ಅನುಕೂಲವಾಗುತ್ತದೆ. ಆಕ್ಷೇಪ ಬಲವಾದುದು. ಅಪರಾಧಕ್ಕೂ ಖಾಸಗಿ ಸ್ಖಲನಕ್ಕೂ ಭೇದವನ್ನು ಮೊದಲು ಒಪ್ಪಿಕೊಳ್ಳಬೇಕು. ಒಲ್ಲದವರ ಮೇಲೆ ಬಲಪ್ರಯೋಗವಾದೆಡೆ, ಅಧಿಕಾರವನ್ನು ತೋರಿಸಿ ವಶಪಡಿಸಿಕೊಂಡೆಡೆ, ಖಾಸಗಿ ಎಂಬ ಶಬ್ದಕ್ಕೆ ಸ್ಥಳವೇ ಇಲ್ಲ. ಹೊಳೆನರಸೀಪುರದ ತೋಟದ ಮನೆಯಲ್ಲಿ ದುಡಿಯುತ್ತಿದ್ದ ಹೆಂಗಸಿನ ಮೇಲಿನ ಅತ್ಯಾಚಾರಕ್ಕಾಗಿ ಮಾಜಿ ಸಂಸದ ಪ್ರಜ್ವಲ್ ರೇವಣ್ಣನವರಿಗೆ ಬೆಂಗಳೂರಿನ ವಿಶೇಷ ನ್ಯಾಯಾಲಯ 2025ರ ಆಗಸ್ಟ್‌ನಲ್ಲಿ ಜೀವಾವಧಿ ಶಿಕ್ಷೆ ವಿಧಿಸಿತು. ಅದು ನೀತಿವಾದಿಗಳ ಕೆಲಸವಲ್ಲ, ದಂಡನೀತಿಯ ಕೆಲಸ. ಅದನ್ನು ಖಂಡಿಸುವುದಕ್ಕೆ ಯಾರೂ ಸಂತರಾಗಿರಬೇಕಾಗಿಲ್ಲ. ಇನ್ನೊಂದು ಕಡೆ, ವಯಸ್ಕರಿಬ್ಬರ ಪರಸ್ಪರ ಸಮ್ಮತಿಯ ವ್ಯಭಿಚಾರವು ದಂಡನಾರ್ಹ ಅಪರಾಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2018ರ ಸೆಪ್ಟೆಂಬರ್ 27ರಂದು ತೀರ್ಪಿತ್ತಿದೆ. ವೇದಿಕೆಯ ನೀತಿಭಾಷಣ ಈ ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತದೆ. ಅದರಿಂದ ದೊಡ್ಡ ಅಪರಾಧ ಕೇವಲ ‘ನಡತೆಯ ವಿಷಯ’ವಾಗಿ ಕುಗ್ಗುತ್ತದೆ, ಯಾರದೋ ಮನೆಯ ನೋವು ಸದನದ ಪ್ರಶ್ನೆಯಾಗಿ ಹಿಗ್ಗುತ್ತದೆ. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಇದೇ ಮೈಸೂರಿನಲ್ಲಿ ಆರಂಭವಾದ ಪ್ರಜಾಪ್ರತಿನಿಧಿ ಸಭೆ ದಸರೆಯ ಹೊತ್ತಿಗೆ ಸೇರುತ್ತಿದ್ದುದು ರೈತರ, ವರ್ತಕರ ಅಹವಾಲುಗಳನ್ನು ಸರ್ಕಾರದ ಕಿವಿಗೆ ಮುಟ್ಟಿಸುವುದಕ್ಕೆ. ಮತ ಹಾಕುವ ಅಧಿಕಾರವೂ ಇಲ್ಲದಿದ್ದ ಆ ಸಭೆಗೆ ತನ್ನ ಕೆಲಸ ಯಾವುದೆಂಬುದು ಗೊತ್ತಿತ್ತು.

ಭೇದವನ್ನು ಒಪ್ಪಿದ ಮೇಲೆಯೂ ಪ್ರಶ್ನೆ ಪೂರ್ತಿಯಾಗಿ ತೀರುವುದಿಲ್ಲ. ಶೀಲದ ಪರೀಕ್ಷೆಯನ್ನು ಕೇಳಲೇಬೇಕಾದ ಸಂದರ್ಭ ಬಂದರೆ ಕೇಳುವವನು ಎಲ್ಲಿ ನಿಲ್ಲಬೇಕು? ಈ ಪ್ರಶ್ನೆಯನ್ನು ಕನ್ನಡದಲ್ಲಿ ಅತ್ಯಂತ ಗಂಭೀರವಾಗಿ ಎತ್ತಿಕೊಂಡ ಕೃತಿ ಮೈಸೂರಿನಲ್ಲಿಯೇ ಬಾಳಿದ ಕುವೆಂಪು ಅವರ ‘ಶ್ರೀರಾಮಾಯಣ ದರ್ಶನಂ’. ವಾಲ್ಮೀಕಿಯಲ್ಲಿ ಸೀತೆಯೊಬ್ಬಳೇ ಅಗ್ನಿಯನ್ನು ಪ್ರವೇಶಿಸುತ್ತಾಳೆ. ರಾಮ ಹೊರಗೆ ನಿಂತಿರುತ್ತಾನೆ. ಕುವೆಂಪು ಅವರ ರಾಮ ಸೀತೆಯ ಹಿಂದೆಯೇ ತಾನೂ ಬೆಂಕಿಯನ್ನು ಹೊಗುತ್ತಾನೆ. ಇಬ್ಬರೂ ಜೊತೆಯಾಗಿ ಹೊರಬರುತ್ತಾರೆ. ಇದನ್ನು ಸ್ತ್ರೀಯ ಮೇಲಣ ಅನುಕಂಪದಿಂದ ಮಾಡಿದ ತಿದ್ದುಪಡಿಯೆಂದು ವಿದ್ಯಾರ್ಥಿಗಳು ಉತ್ತರ ಬರೆಯುವುದುಂಟು. ಅನುಕಂಪವಷ್ಟೇ ಆಗಿದ್ದರೆ ಕವಿ ಅಗ್ನಿಪರೀಕ್ಷೆಯ ಪ್ರಸಂಗವನ್ನೇ ಬಿಟ್ಟುಬಿಡಬಹುದಾಗಿತ್ತು. ಪರೀಕ್ಷೆಯನ್ನು ಉಳಿಸಿಕೊಂಡು ಪರೀಕ್ಷಕನ ಸ್ಥಾನವನ್ನು ಬದಲಿಸಿದ್ದರಲ್ಲಿಯೇ ಇದರ ಸ್ವಾರಸ್ಯವಿದೆ. ಅಗಲಿಕೆ ಇಬ್ಬರಿಗೂ ಬಂದಿತ್ತು. ಅಗಲಿದ ಕಾಲದಲ್ಲಿ ಶೀಲ ಇಬ್ಬರದೂ ಪ್ರಶ್ನಾರ್ಹವೇ. ಆದಕಾರಣ ಬೆಂಕಿಯೂ ಇಬ್ಬರಿಗೆ.

ಮೇಲುನೋಟಕ್ಕೆ 224 ಮಂದಿಯ ಪರೀಕ್ಷೆಯ ಸವಾಲೂ ಇಂಥದೇ ಎಂದು ತೋರಬಹುದು. ಅದರಲ್ಲಿ ಸತ್ಯಾಂಶವಿಲ್ಲದೆ ಇಲ್ಲ: ಕಲ್ಲೆಸೆಯುವವರ ಕೈಗಳನ್ನು ನೋಡಿರೆಂದು ಕೇಳುವ ಹಕ್ಕು ಯಾರಿಗೂ ಇದೆ. ಆದರೆ ರಾಮ ಬೆಂಕಿಗೆ ಇಳಿದದ್ದು ತಾನೊಬ್ಬನೇ, ಯಾರೂ ಕೇಳದೆ. ಸುಗ್ರೀವನೂ ಇಳಿಯಲಿ, ಕಪಿಸೈನ್ಯವೆಲ್ಲ ಇಳಿಯಲಿ, ಆಮೇಲೆ ನಾನು ಎಂದು ಅವನು ಹೇಳಲಿಲ್ಲ. ಎಲ್ಲರೂ ಇಳಿಯಬೇಕೆನ್ನುವ ಬೆಂಕಿ ಎಂದೂ ಹೊತ್ತುವುದಿಲ್ಲವೆಂಬುದು ಹಾಗೆ ಹೇಳುವವರಿಗೂ ಗೊತ್ತು. ಅದೇ ತಿಂಗಳಿನಲ್ಲಿ ತಡೆಯಾಜ್ಞೆಯೊಂದನ್ನು ಹಿಂದೆ ಇಟ್ಟುಕೊಂಡು ಹಾಕಿದ ಸವಾಲು ಅದಾಗಿತ್ತೆಂಬುದನ್ನು ನೆನೆದರೆ ಹೋಲಿಕೆ ಪೂರ್ತಿಯಾಗಿ ಮುರಿದುಬೀಳುತ್ತದೆ.

ಕೊನೆಯದಾಗಿ ‘ಮರ್ಯಾದೆ’ ಎಂಬ ಶಬ್ದವನ್ನು ಕುರಿತು. ಸಂಸ್ಕೃತದಲ್ಲಿಯೂ ನಮ್ಮ ಹಳಗನ್ನಡ ಕಾವ್ಯಗಳಲ್ಲಿಯೂ ಇದರ ಮುಖ್ಯಾರ್ಥ ಎಲ್ಲೆ, ಮೇರೆ, ಕಡಲಿನ ದಡ. ರಾವಣನ ಚಿತ್ತ ಕದಲಿದುದನ್ನು ಹೇಳುವಾಗ ನಾಗಚಂದ್ರ ಸಮುದ್ರದ ಹೋಲಿಕೆಯನ್ನು ತರುವುದೂ ಈ ಅರ್ಥವನ್ನು ಆಶ್ರಯಿಸಿಯೇ. ಮರ್ಯಾದಾ ಪುರುಷೋತ್ತಮನೆಂದರೆ ತನ್ನ ಮೇರೆಯನ್ನು ತಾನು ಕಾಯುವವನು. ಇಂದಿನ ಬಳಕೆಯ ಕನ್ನಡದಲ್ಲಿ ಮರ್ಯಾದೆಯೆಂದರೆ ಇತರರು ನಮಗೆ ಕೊಡುವ ಗೌರವ. ಅದನ್ನು ಕೊಡಬಹುದು, ತೆಗೆಯಬಹುದು, ಕಳೆಯಬಹುದು, ಬೇಕೆಂದರೆ ನ್ಯಾಯಾಲಯದಿಂದ ಕಾಪಾಡಿಸಿಕೊಳ್ಳಲೂ ಬಹುದು. ಮೊದಲನೆಯ ಅರ್ಥದ ಮರ್ಯಾದೆಗೆ ನೋಡುವವರು ಬೇಕಾಗಿಲ್ಲ. ಎರಡನೆಯದಕ್ಕೆ ನೋಡುವವರೇ ಎಲ್ಲ. ಹಳೆಯ ಬಿರುದನ್ನು ಹೊಸ ಅರ್ಥದಲ್ಲಿ ತೊಟ್ಟುಕೊಂಡುದರಿಂದ ಎಷ್ಟೋ ಗೊಂದಲಗಳು ಹುಟ್ಟಿವೆ.

ನಾಗಚಂದ್ರನ ರಾವಣ ಈ ಎರಡು ಅರ್ಥಗಳ ನಡುವೆ ಸಿಕ್ಕಿ ನುಗ್ಗಾದವನು. ಬಹುರೂಪಿಣೀ ವಿದ್ಯೆಯನ್ನು ಸಾಧಿಸಿಕೊಂಡು ಬಂದು, ರಾಮಲಕ್ಷ್ಮಣರು ಇನ್ನು ಉಳಿಯುವುದಿಲ್ಲವೆಂದು ಅವನು ಹೆದರಿಸಿದಾಗ ಸೀತೆ ಮೂರ್ಛೆ ಹೋಗುತ್ತಾಳೆ. ಆ ಕ್ಷಣದಲ್ಲಿ ಅವನ ಮನಸ್ಸು ತಿರುಗುತ್ತದೆ. ಅಗಲಬಾರದವರನ್ನು ಅಗಲಿಸಿದೆನೆಂದು, ವಂಶಕ್ಕೆ ಕಳಂಕ ತಂದೆನೆಂದು, ವಿಭೀಷಣನ ಮಾತನ್ನು ಕೇಳದೆ ಹೋದೆನೆಂದು ತನ್ನನ್ನು ತಾನೇ ಹಳಿದುಕೊಳ್ಳುತ್ತಾನೆ. ಉಪರಂಭೆಗೆ ಹೇಳಿದ ಬುದ್ಧಿವಾದವನ್ನು ಈಗ ತನಗೆ ತಾನೇ ಹೇಳಿಕೊಳ್ಳುತ್ತಿದ್ದಾನೆ. ಅದಕ್ಕೆ ತಕ್ಕ ಬೆಲೆಯನ್ನೂ ತೆರುತ್ತಿದ್ದಾನೆ. ಜೈನ ಪರಿಭಾಷೆಯ ನಿಂದೆ ಇದೇ. ಅವನ ಎತ್ತರವನ್ನು ಅಳೆಯುವವರು ಕೋಲನ್ನು ಊರಬೇಕಾದದ್ದು ದುರ್ಲಂಘ್ಯಪುರದಲ್ಲಲ್ಲ, ಇಲ್ಲಿ. ಸೀತೆಯನ್ನು ಒಪ್ಪಿಸಿಬಿಡಬೇಕೆಂದು ಅವನು ಆಗಲೇ ನಿಶ್ಚಯಿಸಿದನು. ಆದರೆ ಈಗಿಂದೀಗಲೇ ಒಪ್ಪಿಸಿದರೆ ರಾವಣ ಹೆದರಿದನೆಂದು ಲೋಕ ಆಡಿಕೊಂಡೀತು. ಆದುದರಿಂದ ಯುದ್ಧದಲ್ಲಿ ರಾಮಲಕ್ಷ್ಮಣರನ್ನು ಗೆದ್ದು, ಸೆರೆಹಿಡಿದು, ಆಮೇಲೆ ಒಪ್ಪಿಸುವೆನೆಂದು ತೀರ್ಮಾನಿಸಿ ರಣಭೂಮಿಗೆ ಹೊರಟನು.